ಆಟ್ರಿಬ್ಯೂಟ್ ಮತ್ತು ಬಿಹೇವಿಯರ್‌ಗಳ ಜೋಡಣೆ (ಜಾಲಸೇವೆ)

ಆಟ್ರಿಬ್ಯೂಟ್ ಮತ್ತು ಬಿಹೇವಿಯರ್‌ಗಳ ಜೋಡಣೆಯು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಕಮ್ಯುನಿಕೇಶನ್ ಫೌಂಡೇಶನ್ (ಡಬ್ಲ್ಯುಸಿಎಫ್) ಚೌಕಟ್ಟಿನಲ್ಲಿ ಜಾಲಸೇವೆಗೆ ಸ್ವಂತ ನಿಯಮಗಳನ್ನು ಅಳವಡಿಸುವ ವಿಧಾನವಾಗಿದೆ. ಈ ಚೌಕಟ್ಟು 2006ರಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ 3.0ರ ಭಾಗವಾಗಿ ಬಿಡುಗಡೆಯಾಯಿತು. ಯಾವ ನಿಯಮ ಬೇಕೆಂಬುದನ್ನು ಆಟ್ರಿಬ್ಯೂಟ್ ಘೋಷಿಸುತ್ತದೆ; ಅದನ್ನು ಜಾರಿಗೊಳಿಸುವುದು ಬಿಹೇವಿಯರ್.

ಕಾರ್ಯವಿಧಾನ

ಆಟ್ರಿಬ್ಯೂಟ್ ಎಂಬುದು ಕ್ಲಾಸ್ ಅಥವಾ ಮೆಥಡ್‌ನ ಮೇಲೆ ಬರೆಯುವ ಒಂದು ಗುರುತು. 'ಸರ್ವೀಸ್‌ಕಾಂಟ್ರ್ಯಾಕ್ಟ್', 'ಆಪರೇಶನ್‌ಕಾಂಟ್ರ್ಯಾಕ್ಟ್' ಮುಂತಾದವುಗಳನ್ನು ಡಬ್ಲ್ಯುಸಿಎಫ್ ತಾನೇ ಓದಿಕೊಳ್ಳುತ್ತದೆ. ಪ್ರೋಗ್ರಾಮರ್ ಹೊಸದಾಗಿ ರಚಿಸಿದ ಆಟ್ರಿಬ್ಯೂಟ್ ಮಾತ್ರ, ಅದನ್ನು ಓದುವ ಕೋಡ್ ಇಲ್ಲದಿದ್ದರೆ ನಿಷ್ಕ್ರಿಯವಾಗಿರುತ್ತದೆ.

ಬಿಹೇವಿಯರ್‌ಗಳು ಸೇವೆ, ಎಂಡ್‌ಪಾಯಿಂಟ್, ಕರಾರು ಮತ್ತು ಕಾರ್ಯ ಎಂಬ ನಾಲ್ಕು ಹಂತಗಳಲ್ಲಿವೆ. ಎಂಡ್‌ಪಾಯಿಂಟ್ ಹೊರತುಪಡಿಸಿ ಉಳಿದ ಮೂರನ್ನು ಆಟ್ರಿಬ್ಯೂಟ್ ರೂಪದಲ್ಲಿ ಅಳವಡಿಸಬಹುದು. ಸೇವೆ ಮತ್ತು ಎಂಡ್‌ಪಾಯಿಂಟ್ ಹಂತದವುಗಳನ್ನು ಕಾನ್ಫಿಗರೇಶನ್ ಕಡತದ ಮೂಲಕವೂ ಸೇರಿಸಬಹುದು. ಆಟ್ರಿಬ್ಯೂಟ್ ಕ್ಲಾಸ್ 'ಐಆಪರೇಶನ್‌ಬಿಹೇವಿಯರ್' ಇಂಟರ್‌ಫೇಸನ್ನು ಪಾಲಿಸಿದರೆ ಘೋಷಣೆ ಮತ್ತು ಜಾರಿ ಒಂದೆಡೆ ಸೇರುತ್ತವೆ. ಸೇವೆ ಆರಂಭವಾಗುವಾಗ ಅದು ಪ್ಯಾರಾಮೀಟರ್ ಇನ್‌ಸ್ಪೆಕ್ಟರನ್ನು ಜೋಡಿಸುತ್ತದೆ. ಇನ್‌ಸ್ಪೆಕ್ಟರ್ ಪ್ರತಿ ಕರೆಯನ್ನೂ ಮೆಥಡ್‌ಗೆ ತಲುಪುವ ಮುನ್ನ ಪರಿಶೀಲಿಸುತ್ತದೆ.

ಉದಾಹರಣೆ

ಬೆಳಗಾವಿ ಜಿಲ್ಲೆಯ ಪಹಣಿ ತಿದ್ದುಪಡಿಗೆ ಅರ್ಜಿ ಸ್ವೀಕರಿಸುವ ಒಂದು ಕಾಲ್ಪನಿಕ ಸೇವೆಯನ್ನು ಪರಿಗಣಿಸಬಹುದು. ಸರ್ವೆ ನಂಬರ್ ಖಾಲಿ ಇರಬಾರದೆಂಬ ನಿಯಮ ಬದಲಾಗುವಂಥದ್ದಲ್ಲ. ಅದಕ್ಕೆ ಆಟ್ರಿಬ್ಯೂಟ್ ಸೂಕ್ತ. ಆದರೆ ಅದನ್ನು ಓದುವ ಬಿಹೇವಿಯರ್ ಬಿಟ್ಟುಹೋದರೆ ಕಂಪೈಲರ್ ಎಚ್ಚರಿಸುವುದಿಲ್ಲ; ತಪ್ಪು ಅರ್ಜಿ ಸದ್ದಿಲ್ಲದೆ ದಾಖಲೆಯವರೆಗೆ ಸಾಗುತ್ತದೆ.

ತಾಲ್ಲೂಕುಗಳ ಪಟ್ಟಿಯ ವಿಷಯ ಬೇರೆ. 2017–18ರ ರಾಜ್ಯ ಬಜೆಟ್‌ನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಚಿಕ್ಕೋಡಿಯಿಂದ ಬೇರ್ಪಟ್ಟ ನಿಪ್ಪಾಣಿ ಹಾಗೂ ಅಥಣಿಯಿಂದ ಬೇರ್ಪಟ್ಟ ಕಾಗವಾಡ ಸೇರಿವೆ. ಆಟ್ರಿಬ್ಯೂಟ್‌ಗೆ ನೀಡುವ ಮೌಲ್ಯಗಳು ಕಂಪೈಲ್ ಸಮಯದಲ್ಲೇ ಸ್ಥಿರವಾಗಿರಬೇಕು. ಆದ್ದರಿಂದ ಚಿಕ್ಕೋಡಿ, ರಾಯಬಾಗ, ಅಥಣಿ ಎಂಬ ಹಳೆಯ ಪಟ್ಟಿಯನ್ನು ಅದರಲ್ಲಿ ಬರೆದಿದ್ದರೆ, ಕೋಡನ್ನು ಮತ್ತೆ ಕಂಪೈಲ್ ಮಾಡಿ ಸ್ಥಾಪಿಸುವವರೆಗೂ ಕಾಗವಾಡದ ರೈತನ ಸರಿಯಾದ ಅರ್ಜಿಯೂ ತಿರಸ್ಕೃತವಾಗುತ್ತದೆ. ಇಂಥ ಸಂದರ್ಭದಲ್ಲಿ 'ತಾಲ್ಲೂಕು ಪರಿಶೀಲಿಸು' ಎಂಬ ಸೂಚನೆಯನ್ನಷ್ಟೇ ಆಟ್ರಿಬ್ಯೂಟ್‌ನಲ್ಲಿಟ್ಟು, ಚಾಲ್ತಿಯಲ್ಲಿರುವ ಪಟ್ಟಿಯನ್ನು ಬಿಹೇವಿಯರ್ ಜೋಡಿಸಿದ ಇನ್‌ಸ್ಪೆಕ್ಟರ್ ದತ್ತಸಂಚಯದಿಂದ ಓದುವಂತೆ ಮಾಡಲಾಗುತ್ತದೆ.

ಪ್ರಸ್ತುತ ಸ್ಥಿತಿ

ಡಾಟ್‌ನೆಟ್ ಕೋರ್‌ನಲ್ಲಿ ಡಬ್ಲ್ಯುಸಿಎಫ್‌ನ ಸರ್ವರ್ ಭಾಗವನ್ನು ಸೇರಿಸಲಿಲ್ಲ. ಹಳೆಯ ಸೇವೆಗಳನ್ನು ಹೊಸ ವೇದಿಕೆಗೆ ಸ್ಥಳಾಂತರಿಸಲು ನೆರವಾಗುವ ಮುಕ್ತ ತಂತ್ರಾಂಶ ಕೋರ್‌ಡಬ್ಲ್ಯುಸಿಎಫ್‌ನ 1.0 ಆವೃತ್ತಿ 2022ರಲ್ಲಿ ಬಿಡುಗಡೆಯಾಯಿತು.