ಮೈ ಹೇಳುವ ಮನಸ್ಸಿನ ಕಥೆ



ಹೈಸ್ಕೂಲು ಮಕ್ಕಳಿಗೆ ಭಾವನೆಗಳ ಮನಃಶಾಸ್ತ್ರ ಹೇಳಿಕೊಡಿ ಎಂದರೆ ನಮ್ಮಲ್ಲಿ ಹಲವರು ಹಿಂಜರಿಯುತ್ತೇವೆ. ಅದು ಪಶ್ಚಿಮದ ವಿದ್ಯೆ, ಕನ್ನಡಕ್ಕೆ ಒಗ್ಗದು ಎಂಬ ಅನಿಸಿಕೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಭರತನ ನಾಟ್ಯಶಾಸ್ತ್ರದಲ್ಲಿ ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂದು ಎಂಟು ಸ್ಥಾಯಿಭಾವಗಳಿವೆ. ಬೆವರು, ರೋಮಾಂಚ, ನಡುಕ, ಕಣ್ಣೀರು ಮೊದಲಾದ ಎಂಟು ಸಾತ್ತ್ವಿಕ ಭಾವಗಳೂ ಇವೆ. ತಮಿಳಿನ ತೊಲ್ಕಾಪ್ಪಿಯಂ ಕೂಡ ಎಂಟನ್ನೇ ಎಣಿಸುತ್ತದೆ. ಅಲ್ಲಿನ ನಗೈ ನಮ್ಮ ನಗು, ಅಳುಗೈ ನಮ್ಮ ಅಳು, ಅಚ್ಚಂ ನಮ್ಮ ಅಂಜಿಕೆಯ ಬಳಗದ್ದೇ. ಇವುಗಳಿಗೆ ಅದು ಕೊಟ್ಟ ಹೆಸರು ಮೆಯ್ಪ್ಪಾಡು. ‘ಮೆಯ್’ ಎಂದರೆ ನಮ್ಮ ಮೈ! ಮನಸ್ಸಿನಲ್ಲಿದ್ದದ್ದು ಮೈಯಲ್ಲಿ ತೋರುವುದು ಎಂದರ್ಥ. ಗಡಿಯ ಎರಡೂ ಕಡೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಎಲ್ಲಿದೆ?

ಯುರೋಪಿನಲ್ಲಿ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರಕಟಣೆಯ ಬಗ್ಗೆ ಪುಸ್ತಕ ಬರೆದ. 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಒಂದು ಹೆಜ್ಜೆ ಮುಂದೆ ಹೋದ. ಮೈ ನಡುಗುವುದು ಮೊದಲು, ಆ ನಡುಕದ ಅನುಭವವೇ ಭಯ ಎಂದ. 1927ರಲ್ಲಿ ವಾಲ್ಟರ್ ಕ್ಯಾನನ್ ಇದನ್ನು ಒಪ್ಪಲಿಲ್ಲ. ಸಿಟ್ಟಿಗೂ ಭಯಕ್ಕೂ ಎದೆ ಒಂದೇ ರೀತಿ ಹೊಡೆದುಕೊಳ್ಳುತ್ತದಲ್ಲ, ಮತ್ತೆ ವ್ಯತ್ಯಾಸ ತಿಳಿಯುವುದು ಹೇಗೆ ಎಂಬುದು ಅವನ ಪ್ರಶ್ನೆ. ಈ ಚರ್ಚೆ ಇಂದಿಗೂ ಮುಗಿದಿಲ್ಲ. ಕನ್ನಡನಾಡು ಇದರಿಂದ ದೂರ ಉಳಿಯಲಿಲ್ಲ. 1924ರಲ್ಲೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ‘ಕೊರವಂಜಿ’ಯಿಂದ ನಗಿಸಿದ ವೈದ್ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯವನ್ನು ಕನ್ನಡದಲ್ಲೇ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ವಾಲ್ಪಾರೈಯಲ್ಲಿ ಈ ಪಾಠಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಇದು ಚಹಾ ತೋಟಗಳ ನಡುವೆ ಆನೆಗಳು ಓಡಾಡುವ ಊರು. ಆನೆ ಎಲ್ಲಿದೆ ಎಂದು ತಿಳಿಯದೆ ಎದುರಾದಾಗಲೇ ಹೆಚ್ಚಿನ ಸಾವುಗಳು ಆಗಿವೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 2011ರಿಂದ ಮೊಬೈಲ್ ಸಂದೇಶ ಮತ್ತು ಮಿನುಗುವ ಕೆಂಪು ದೀಪಗಳ ಮೂಲಕ ಜನರಿಗೆ ಮುನ್ಸೂಚನೆ ಕೊಡುವ ವ್ಯವಸ್ಥೆ ತಂದರು. ಇದರಲ್ಲಿ ಮಕ್ಕಳು ಕಲಿಯಬೇಕಾದ್ದು ಇಷ್ಟೇ: ಅಂಜಿಕೆ ನಾಚಿಕೆಯ ವಿಷಯವಲ್ಲ. ಮಾಹಿತಿ ಸಿಕ್ಕಿದರೆ ಅಂಜಿಕೆಯೇ ಎಚ್ಚರವಾಗುತ್ತದೆ.

ಇನ್ನೊಂದು ಮಾತು. ‘ಹೇಗಿದ್ದೀಯಪ್ಪಾ?’ ಎಂದು ಕೇಳಿದರೆ ಮಕ್ಕಳು ‘ಬೇಜಾರು ಸಾರ್’ ಎನ್ನುತ್ತಾರೆ. ದುಃಖಕ್ಕೂ ಬೇಜಾರು, ಅವಮಾನಕ್ಕೂ ಬೇಜಾರು, ಸಿಟ್ಟಿಗೂ ಬೇಜಾರು! ಭಾವನೆಗೆ ಸರಿಯಾದ ಹೆಸರಿಟ್ಟಾಗ ಮೆದುಳಿನ ಅಮಿಗ್ಡಲಾ ಭಾಗದ ಉದ್ವೇಗ ತಗ್ಗುತ್ತದೆ ಎಂದು 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ತೋರಿಸಿತು. ಹಾಗಾದರೆ ಅಳಲು, ಕಳವಳ, ಮುನಿಸು, ಹೊಟ್ಟೆಕಿಚ್ಚು, ದಿಗಿಲು, ಹಳಹಳಿಕೆ ಎಂಬ ಮಾತುಗಳು ಬರೀ ಪರೀಕ್ಷೆಯ ಪದಸಂಪತ್ತಲ್ಲ. ಮಾತು ಕಳೆದುಕೊಂಡ ಮಗು ತನ್ನ ಸಂಕಟ ಹೇಳುವ ದಾರಿಯನ್ನೂ ಕಳೆದುಕೊಳ್ಳುತ್ತದೆ. ಮಾತೃಭಾಷೆಯ ಶಾಲೆ ಏಕೆ ಬೇಕು ಎನ್ನುವವರಿಗೆ ಇದೂ ಒಂದು ಉತ್ತರ.

ವಾರಕ್ಕೊಂದು ಪದ ಹಲಗೆಯ ಮೇಲೆ ಬರೆಯಿರಿ. ಆಗ ಮೈಯಲ್ಲಿ ಏನಾಗುತ್ತದೆ ಎಂದು ಕೇಳಿ. ಅಂಕ ಬೇಡ, ಎಲ್ಲರೆದುರು ಹೇಳಲೇಬೇಕೆಂಬ ಬಲವಂತವೂ ಬೇಡ. ಯಾವುದಾದರೂ ಮಗುವಿನ ಸಂಕಟ ನಮ್ಮ ಕೈಮೀರಿದ್ದು ಅನ್ನಿಸಿದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಈ ಸಂಖ್ಯೆ ಪ್ರತಿ ಶಾಲೆಯ ಗೋಡೆಯ ಮೇಲಿರಲಿ.