ಮದ್ದಿಗೆ ಮಣಿಯದ ವೈರಸ್: ಹೆಪಟೈಟಿಸ್ ಬಿ ಚಿಕಿತ್ಸೆಯ ಇತಿಹಾಸ ಕಲಿಸುವ ಪಾಠ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಮ್ಮ ಮನೆಗಳಲ್ಲಿ ಕಣ್ಣು ಹಳದಿಯಾದರೆ ಕಾಮಣಿ ಎನ್ನುತ್ತೇವೆ, ಕೆಲವರು ಯರ್ಖಾನ್ ಎನ್ನುತ್ತಾರೆ. ಆದರೆ ಕಾಮಣಿಗಳೆಲ್ಲ ಒಂದೇ ಅಲ್ಲ. ಹೆಪಟೈಟಿಸ್ ಬಿ ವೈರಸ್, ಕಣ್ಣು ಹಳದಿಯಾಗದಿದ್ದರೂ ವರ್ಷಾನುಗಟ್ಟಲೆ ಯಕೃತ್ತಿನಲ್ಲಿ ಅಡಗಿದ್ದು ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ತರಬಲ್ಲದು. ಇದಕ್ಕೆ ಮದ್ದು ಹುಡುಕಿದ ಇತಿಹಾಸದಲ್ಲಿ ನಾವು ಅರಿಯಬೇಕಾದ ಪಾಠವಿದೆ.

ಅಮೆರಿಕದ ವಿಜ್ಞಾನಿ ಬರೂಚ್ ಬ್ಲಂಬರ್ಗ್ 1960ರ ದಶಕದಲ್ಲಿ ಈ ವೈರಸ್ಸಿನ ಗುರುತನ್ನು ರಕ್ತದಲ್ಲಿ ಪತ್ತೆಹಚ್ಚಿದರು. 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಮೊದಲಿಗೆ ಇದ್ದ ಚಿಕಿತ್ಸೆ ಇಂಟರ್‌ಫೆರಾನ್ ಚುಚ್ಚುಮದ್ದು. 1998ರಲ್ಲಿ ಲ್ಯಾಮಿವುಡಿನ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ದಿನಕ್ಕೊಂದೇ ಮಾತ್ರೆ, ಅಡ್ಡಪರಿಣಾಮವೂ ಕಡಿಮೆ. ರೋಗಿಗಳಿಗೂ ವೈದ್ಯರಿಗೂ ಧೈರ್ಯ ಬಂತು. ಆದರೆ ಐದು ವರ್ಷ ಸೇವಿಸಿದವರಲ್ಲಿ 100ಕ್ಕೆ ಸುಮಾರು 70 ಮಂದಿಯಲ್ಲಿ ವೈರಸ್ ಆ ಮದ್ದಿಗೆ ಮಣಿಯದಂತಾಯಿತು.

ಕಾರಣವೇನು? ಅವಸರದಲ್ಲಿ ಹಸ್ತಪ್ರತಿ ನಕಲು ಮಾಡುವ ಕಾತಿಬನನ್ನು ನೆನೆಯಿರಿ. ಬರೆದುದನ್ನು ಅವನು ಮತ್ತೆ ಓದಿ ತಿದ್ದುವುದಿಲ್ಲ. ಈ ವೈರಸ್ಸೂ ಹಾಗೆಯೇ ತನ್ನ ನಕಲುಗಳನ್ನು ಮಾಡುತ್ತದೆ. ತಪ್ಪಿದ ನಕಲುಗಳಲ್ಲಿ ಯಾವುದೋ ಒಂದಕ್ಕೆ ಮದ್ದು ನಾಟುವುದಿಲ್ಲ. ಉಳಿದವು ಅಡಗಿದಾಗ ಅದೇ ಬೆಳೆಯುತ್ತದೆ.

2002ರಲ್ಲಿ ಅಡೆಫೊವಿರ್, 2005ರಲ್ಲಿ ಎಂಟೆಕಾವಿರ್ ಬಂದವು. ಹೊಸ ರೋಗಿಗಳಲ್ಲಿ ಎಂಟೆಕಾವಿರ್‌ಗೆ ಐದು ವರ್ಷಗಳಲ್ಲಿ ನಿರೋಧಕತೆ ಕಂಡದ್ದು 100ಕ್ಕೆ ಸುಮಾರು ಒಬ್ಬರಲ್ಲಿ. ಲ್ಯಾಮಿವುಡಿನ್ ಆಗಲೇ ಸೋತಿದ್ದವರಲ್ಲಿ ಅದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಂಡಿತು! ಮೊದಲ ಮದ್ದಿನ ಸೋಲು ಮುಂದಿನ ಮದ್ದನ್ನೂ ದುರ್ಬಲಗೊಳಿಸಿತ್ತು. 2008ರಲ್ಲಿ ಅನುಮತಿ ಪಡೆದ ಟೆನೊಫೊವಿರ್‌ಗೆ ಎಂಟು ವರ್ಷಗಳ ಪರೀಕ್ಷೆಯಲ್ಲೂ ನಿರೋಧಕತೆ ಕಾಣಲಿಲ್ಲ.

ರೋಗ ಬಾರದಂತೆ ತಡೆಯುವುದೇ ಲೇಸು. ನಮ್ಮ ನೆರೆಯ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಲಸಿಕೆ ತಯಾರಿಸಿತು. 2011ರ ಹೊತ್ತಿಗೆ ದೇಶದಾದ್ಯಂತ ಮಕ್ಕಳ ಲಸಿಕೆ ಕಾರ್ಯಕ್ರಮದಲ್ಲಿ ಇದು ಸೇರಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ತಪಾಸಣೆ, ಔಷಧ ಉಚಿತ.

ಮಿತ್ರರೇ, ಇದು ಜೊತೆಗೂಡಿ ಉಣ್ಣುವುದರಿಂದ ಹರಡುವ ರೋಗವಲ್ಲ, ರೋಗಿಯನ್ನು ದೂರವಿಡಬೇಡಿ. ಮನೆಯಲ್ಲಿ ಯಾರಾದರೂ ಈ ಮಾತ್ರೆ ಸೇವಿಸುತ್ತಿದ್ದರೆ, ಆರಾಮಾಯಿತೆಂದು ತಾವಾಗಿಯೇ ನಿಲ್ಲಿಸಲು ಬಿಡಬೇಡಿ. ಹುಟ್ಟಿದ ಕೂಸಿಗೆ 24 ಗಂಟೆಯೊಳಗೆ ಲಸಿಕೆ ಹಾಕಿಸಿ. ಓದಿದವರು ನೀವು, ಓದು ಬಾರದ ಹಿರಿಯರಿಗೆ ಇದನ್ನು ತಿಳಿಸುವ ಹೊಣೆಯೂ ನಿಮ್ಮದೇ.