ವಾರಕ್ಕೊಂದು ಪೆನ್ನಿ

ತೊಗರಿ ಸೀಸನ್‌ನಲ್ಲಿ ಕಲಬುರಗಿಯ ನೆಹರು ಗಂಜ್‌ಗೆ ಹೋಗಿದ್ದೀರಾ? ಮಾಲು ರೈತನದು, ಅಂಗಡಿ ಅಡತ್ಯಾನದು. ಆದರೆ ಹಮಾಲ ಚೀಲಕ್ಕೆ ಹೆಗಲು ಕೊಡದಿದ್ದರೆ ಇಡೀ ಗಂಜ್ ನಿಂತುಬಿಡುತ್ತದೆ. ಆದರೂ ರೇಟು ಕಟ್ಟುವಾಗ ಹಮಾಲನನ್ನು ಯಾರೂ ಕೇಳಂಗಿಲ್ಲ. ದುಡಿಮೆ ಎಲ್ಲರದು, ಮಾತು ಕೆಲವರದು. ಧರ್ಮದ ಇತಿಹಾಸದಲ್ಲೂ ಇದೇ ಜಗಳ.

ಕಲಬುರಗಿ, ಬೀದರ್ ಕಡೆ ಕ್ರೈಸ್ತರೆಂದರೆ ಥಟ್ಟನೆ ನೆನಪಾಗುವುದು ಮೆಥೊಡಿಸ್ಟ್ ಸಭೆಗಳು. ಅವುಗಳ ಮೂಲ ಹುಡುಕಿದರೆ ಸಿಗುವುದು ಒಂದು ಸಾಲದ ಲೆಕ್ಕ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಗುಂಪಿಗೆ ಕಟ್ಟಡದ ಸಾಲ ತೀರಿಸಬೇಕಿತ್ತು. ತಲೆಗೆ ವಾರಕ್ಕೊಂದು ಪೆನ್ನಿ ಎಂದು ಗೊತ್ತಾಯಿತು. ಸುಮಾರು ಹನ್ನೆರಡು ಜನಕ್ಕೊಬ್ಬ ವಸೂಲಿಗಾರ. ಆತ ಪೆನ್ನಿಗಾಗಿ ಮನೆಮನೆಗೆ ಹೋದಾಗ ಯಾರಿಗೆ ಜ್ವರ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಲ್ಲ ಕಂಡಿತು. ವಸೂಲಿಗಾರನೇ ಆ ಹನ್ನೆರಡು ಜನರ ಪಾಲಕನಾದ. ಅದಕ್ಕೆ 'ಕ್ಲಾಸ್' ಎಂದು ಹೆಸರು ಬಿತ್ತು. ಪಾದ್ರಿ ಪದವಿ ಇಲ್ಲದ ಕೂಲಿಗಳು, ಕಸುಬುದಾರರು, ಹೆಂಗಸರೂ ಕ್ಲಾಸ್ ಲೀಡರ್ ಆದರು.

ವೆಸ್ಲಿಗೂ ಇದು ಸಲೀಸಾಗಿ ಒಪ್ಪಿಗೆಯಾಗಲಿಲ್ಲ. ದೀಕ್ಷೆ ಇಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಪ್ರಸಂಗ ಮಾಡಿದನೆಂದು ಕೇಳಿ ಸಿಟ್ಟಾಗಿ ಓಡಿಬಂದಾಗ, ಮೊದಲು ಅವನ ಮಾತು ಕೇಳು ಎಂದು ತಡೆದದ್ದು ತಾಯಿ ಸುಸಾನಾ ಎಂದು ಹೇಳುತ್ತಾರೆ. ವೆಸ್ಲಿ ಕೇಳಿದ, ಒಪ್ಪಿದ.

ಇದೇ ಪದ್ಧತಿ ಹಿಡಿದು ಅಮೆರಿಕದ ವಿಲಿಯಂ ಟೇಲರ್ 1870ರಲ್ಲಿ ಭಾರತಕ್ಕೆ ಬಂದ. ಮುಂಬೈಯಿಂದ ಬೆಂಗಳೂರಿನವರೆಗೆ ಮನೆಗಳಲ್ಲೇ ಗುಂಪು ಕಟ್ಟಿದ. ವಿದೇಶಿ ಮಿಷನ್ ಹಣ ಬೇಡ, ಸಭೆಯ ಖರ್ಚು ಸದಸ್ಯರದೇ ಎಂದ. ಹೆಚ್ಚಿನವರು ಇಂಗ್ಲಿಷ್ ಮಾತಾಡುವವರು, ನಿಜ. ನಮ್ಮ ಹಳ್ಳಿಗಳ ಕನ್ನಡ ಸಭೆಗಳ ಕಾಲ ಆಮೇಲೆ ಬಂತು.

ಇಷ್ಟಕ್ಕೇ ಕತೆ ಮುಗಿದಿದ್ದರೆ ಚೆಂದಿತ್ತು. ಆದರೆ ಟೇಲರ್‌ನ ಅಮೆರಿಕನ್ ಚರ್ಚ್‌ನ ಮಹಾಸಭೆಯಲ್ಲಿ ಪಾದ್ರಿಗಳಲ್ಲದವರಿಗೆ ಕುರ್ಚಿ ಸಿಕ್ಕಿದ್ದೇ 1872ರಲ್ಲಿ. 1888ರಲ್ಲಿ ಐವರು ಹೆಂಗಸರು ಆಯ್ಕೆಯಾಗಿ ಬಂದರೆ ಒಳಗೆ ಬಿಡಲಿಲ್ಲ. ಅವರಿಗೆ ಬಾಗಿಲು ತೆರೆದದ್ದು 1904ರಲ್ಲಿ. ಪಾದ್ರಿಯಾಗಿ ಪೂರ್ಣ ಹಕ್ಕು ಸಿಕ್ಕಿದ್ದು 1956ರಲ್ಲಿ. ಪೆನ್ನಿ ಎತ್ತುವಾಗ, ರೋಗಿಯ ಪಕ್ಕ ಕೂರುವಾಗ ಬೇಕಾದವರು ನಿರ್ಧಾರದ ಹೊತ್ತಿಗೆ ಬೇಡವಾಗಿದ್ದರು!

ಇದನ್ನು ಓದುವಾಗ ನನಗೆ ನಮ್ಮ ಕಲ್ಯಾಣದ ಆಯ್ದಕ್ಕಿ ಮಾರಯ್ಯ ನೆನಪಾಗುತ್ತಾನೆ. ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಹೆಚ್ಚು ಅಕ್ಕಿ ತಂದಾಗ, ನಮಗಿಷ್ಟು ಯಾಕೆ, ವಾಪಸ್ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಮಾರಯ್ಯ ಕೇಳಿದ. ಅವಳಿಗೆ ಪೀಠವಿರಲಿಲ್ಲ, ಪದವಿಯಿರಲಿಲ್ಲ, ಮಾತಿಗೆ ತೂಕವಿತ್ತು. ಎರಡು ಧರ್ಮ ಒಂದೇ ಅನ್ನುತ್ತಿಲ್ಲ ನಾನು. ಪ್ರಶ್ನೆ ಮಾತ್ರ ಒಂದೇ.

ಭಾರತದ ಮೆಥೊಡಿಸ್ಟ್ ಚರ್ಚ್ 1981ರಲ್ಲಿ ಸ್ವತಂತ್ರವಾಯಿತು. ಅಮೆರಿಕದ ಕಡೆ ಬೆರಳು ತೋರಿಸುವ ಕಾಲ ಮುಗಿಯಿತು. ಸಭೆಯಿರಲಿ, ಮಠವಿರಲಿ, ನಮ್ಮ ಅಪಾರ್ಟ್‌ಮೆಂಟ್ ಸಂಘವೇ ಇರಲಿ, 'ಇಲ್ಲಿ ಎಲ್ಲರೂ ಸೇವಕರು' ಅಂತ ಯಾರಾದರೂ ಅಂದರೆ ಒಂದು ಮಾತು ಕೇಳಿ ನೋಡಿ: ಕುರ್ಚಿ ಹಾಕುವವರು ಯಾರು, ಬಜೆಟ್ ಮೀಟಿಂಗಿನಲ್ಲಿ ಆ ಕುರ್ಚಿ ಮೇಲೆ ಕೂರುವವರು ಯಾರು?